ಅಚ್ಚು ಮತ್ತು ಮುಖ: ತೆಂಗಿನ ಸೀಮೆಯ ಸೋಮಗಳು ಹಾಗೂ ಹಗುರ ಎರಕದ ಪ್ರಶ್ನೆ

1. ಪ್ರವೇಶ

ಕನ್ನಡದಲ್ಲಿ ಜನಪದ ಕಲೆಗಳ ಅಧ್ಯಯನವು ಬಹುಕಾಲ ಪಠ್ಯವನ್ನೇ ಕೇಂದ್ರವಾಗಿಟ್ಟುಕೊಂಡು ನಡೆದುಬಂದಿದೆ. ಹಾಡನ್ನು ಬರೆದುಕೊಂಡೆವು, ಕತೆಯನ್ನು ವರ್ಗೀಕರಿಸಿದೆವು, ಕುಣಿತದ ಸಂದರ್ಭವನ್ನು ವಿವರಿಸಿದೆವು. ಕುಣಿಯುವವನ ಮುಖದ ಮೇಲಿರುವ ವಸ್ತು ಯಾವುದರಿಂದ ಆದದ್ದು, ಅದರ ತೂಕವೆಷ್ಟು, ಅದನ್ನು ಮಾಡಿದ ಕೈ ಯಾವುದು, ಅದು ಮುಕ್ಕಾದರೆ ಏನು ಮಾಡುತ್ತಾರೆ ಎಂಬ ಪ್ರಶ್ನೆಗಳು ಮಾತ್ರ ಅಂಚಿಗೆ ಸರಿದುವು. 'ವೇಷಭೂಷಣ' ಎಂಬ ಉಪಶೀರ್ಷಿಕೆಯ ಕೆಳಗೆ ನಾಲ್ಕು ಸಾಲು ಬರೆದು ಮುಂದೆ ಸಾಗುವುದು ನಮ್ಮ ರೂಢಿ. ಈ ಮಾತಿಗೆ ನನ್ನ ಹಿಂದಿನ ಬರೆಹಗಳೂ ಹೊರತಲ್ಲ.

ಈ ಉಪೇಕ್ಷೆಗೆ ಬೆಲೆ ತೆರಬೇಕಾದ ಸನ್ನಿವೇಶ ಈಗ ಒದಗಿದೆ. ಮೂಲ ವಸ್ತುವಿನ ಮೇಲೆ ಸಿಲಿಕೋನ್ ರಬ್ಬರು ಬಳಿದು ಅಚ್ಚು ತೆಗೆದು, ಆ ಅಚ್ಚಿಗೆ ರೆಸಿನ್ ಅಥವಾ ಫೋಮ್ ಎರೆದು ಹಗುರವಾದ ಪ್ರತಿಕೃತಿಗಳನ್ನು ಪಡೆಯುವ ತಂತ್ರವು ಸಿನಿಮಾ ಸೆಟ್ಟು, ಮದುವೆ ಮಂಟಪ, ಸ್ತಬ್ಧಚಿತ್ರಗಳನ್ನು ದಾಟಿ ಜನಪದ ಕಲೆಯ ಪರಿಕರಗಳ ಸಮೀಪಕ್ಕೆ ಬಂದಿದೆ. ಮೆರವಣಿಗೆಗಳಲ್ಲಿ ಕುಣಿಯುವ ಎಷ್ಟೋ ಗೊಂಬೆಗಳ ತಲೆಗಳು ಈಗ ಜನ 'ಫೈಬರ್' ಎಂದು ಕರೆಯುವ ವಸ್ತುವಿನವು. ಗೊಂಬೆಗೆ ಆದದ್ದು ನಾಳೆ ದೇವರ ಮುಖಕ್ಕೂ ಆಗಬಹುದೆ, ಆಗಬೇಕೆ, ಆದರೆ ಯಾವ ಷರತ್ತಿನ ಮೇಲೆ ಎಂಬುದು ಪ್ರಸ್ತುತ ಲೇಖನದ ಜಿಜ್ಞಾಸೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯನ್ನೂ ಅಲ್ಲಿನ ಗ್ರಾಮದೇವತೆಯ ಆರಾಧನೆಗೆ ಸೇರಿದ ಸೋಮನ ಕುಣಿತವನ್ನೂ ನೆಲೆಯಾಗಿ ಇಟ್ಟುಕೊಂಡು ಇದನ್ನು ಪರಿಶೀಲಿಸಲಾಗಿದೆ.

2. ಸೋಮ ಎಂಬ ಮುಖ

ಸೋಮನ ಕುಣಿತವು ಹಳೆಯ ಮೈಸೂರು ಸೀಮೆಯ ಆರಾಧನಾ ಕಲೆ. ಯುಗಾದಿಯ ನಂತರ ನಡೆಯುವ ಊರಮ್ಮನ ಹಬ್ಬಗಳಲ್ಲಿ ಅಮ್ಮನ ಕಾವಲಿನ ದೈವವಾಗಿ ಸೋಮ ಹೊರಡುತ್ತಾನೆ. ಅನೇಕ ಕಡೆ ಗಂಗಾಮತಸ್ಥರು ಈ ಸೇವೆಯ ಹಕ್ಕುದಾರರು. ದೊಡ್ಡ ಗಾತ್ರದ ಮರದ ಮುಖ, ಅದರ ಮೇಲೆ ನವಿಲುಗರಿ, ಬದಿಗಳಲ್ಲಿ ಬಣ್ಣದ ಬಟ್ಟೆ, ಬೇವಿನ ಸೊಪ್ಪು, ಹೂವಿನ ಹಾರ, ಕೈಯಲ್ಲಿ ಕೋಲು. ಹಿಮ್ಮೇಳಕ್ಕೆ ದೋಣು, ಮೌರಿ, ಸದ್ದೆ. ಕೆಂಪು ಮುಖ ಸೌಮ್ಯ ಸ್ವಭಾವದ್ದು, ಕಪ್ಪು ಅಥವಾ ಹಳದಿಯದು ಉಗ್ರ ಸ್ವಭಾವದ್ದು ಎಂಬುದು ಸಾಮಾನ್ಯ ತಿಳಿವಳಿಕೆ. ಪ್ರದೇಶದಿಂದ ಪ್ರದೇಶಕ್ಕೆ ಮುಖಗಳ ಬಗೆ ಬದಲಾಗುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಭಾಷೆಯಲ್ಲಿದೆ. ವಿದ್ವಾಂಸರಾದ ನಾವು 'ಸೋಮನ ಮುಖವಾಡ' ಎನ್ನುತ್ತೇವೆ. ಸೇವೆ ಮಾಡುವವರು 'ಸೋಮ' ಎನ್ನುತ್ತಾರೆ. ಮುಖವಾಡವೆಂಬ ಮಾತಿನಲ್ಲಿ ಒಳಗೆ ಬೇರೊಂದು ನಿಜಮುಖ ಇದೆಯೆಂಬ ಸೂಚನೆ ಇದೆ. ಸೋಮ ಎಂಬ ಮಾತಿನಲ್ಲಿ ಅದಿಲ್ಲ. ಮರವೇ ಮುಖ, ಹೊತ್ತವನು ಅದಕ್ಕೆ ಮೈ. ಹಬ್ಬದಲ್ಲದ ದಿನಗಳಲ್ಲಿಯೂ ಅದು ಬರಿಯ ಸಾಮಾನಲ್ಲ. ಇಡುವ ಸ್ಥಳ, ತೆಗೆಯುವ ದಿನ, ಮುಟ್ಟುವ ಕೈ ಎಲ್ಲಕ್ಕೂ ಕಟ್ಟಳೆಯುಂಟು.

ಸೋಮಗಳನ್ನು ರಕ್ತಚಂದನದ ಮರದಲ್ಲಿ ಕಡೆಯುವ ವಾಡಿಕೆ ದಾಖಲಾಗಿದೆ. ಈ ಮರದ ಚೇಗು ನೀರಿನಲ್ಲಿ ಮುಳುಗುವಷ್ಟು ಸಾಂದ್ರ. ಒಂದು ಘನ ಮೀಟರಿಗೆ ಸುಮಾರು 1,100 ಕಿಲೋಗ್ರಾಂ. ಇದರ ನೈಸರ್ಗಿಕ ನೆಲೆ ದಕ್ಷಿಣ ಆಂಧ್ರದ ಶೇಷಾಚಲ ಮತ್ತು ಸುತ್ತಲ ಬೆಟ್ಟಗಳು. 1995ರಲ್ಲಿ ಇದು ಅಳಿವಿನಂಚಿನ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು. ಕಳ್ಳಸಾಗಣೆಯ ಕಾರಣದಿಂದ ಈ ಮರದ ಮೇಲಿನ ಕಾವಲು ಬಿಗಿಯಾಗಿದೆ. ಹೊಸ ಸೋಮವೊಂದನ್ನು ಕಡೆಸಬೇಕಾದ ಊರಿಗೆ ಮರ ಹೊಂದಿಸುವುದೇ ದೊಡ್ಡ ಕೆಲಸ. ಆದ್ದರಿಂದ ಹಗುರವಾದ, ಅಗ್ಗವಾದ, ಸುಲಭವಾಗಿ ದೊರಕುವ ಬದಲಿ ವಸ್ತುವಿನ ಮಾತು ಬಂದಾಗ ಅದನ್ನು ಸಂಪ್ರದಾಯದ್ರೋಹವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹೊರುವವರ ಕತ್ತಿನ ನೋವೂ ಒಂದು ವಾದವೇ. ಮೈಸೂರು ದಸರೆಯಂಥ ಮೆರವಣಿಗೆಯಲ್ಲಿ ಕಿಲೋಮೀಟರುಗಟ್ಟಲೆ ಕುಣಿಯಬೇಕಾದ ಕಲಾವಿದ ಹಗುರ ಪರಿಕರವನ್ನು ಬಯಸಿದರೆ ಅದು ಸಹಜ.

3. ಅಚ್ಚು ಹೊರಗಿನದಲ್ಲ

ಅಚ್ಚೆಂಬುದು ಯಂತ್ರಯುಗದ ಕೊಡುಗೆ, ಜನಪದವೆಂಬುದು ಕೈಗೆಲಸದ ಲೋಕ ಎಂಬ ಸರಳ ವಿಭಜನೆ ನಮ್ಮ ಬರೆಹಗಳಲ್ಲಿ ಆಗಾಗ ಇಣುಕುತ್ತದೆ. ಇದು ತಪ್ಪು. ಜನಪದ ಬದುಕಿನಲ್ಲಿ ಅಚ್ಚು ಎಲ್ಲೆಲ್ಲಿಯೂ ಇದೆ. ಪ್ರತಿಕೃತಿಗೆ ಕನ್ನಡದಲ್ಲಿರುವ ಒಳ್ಳೆಯ ಪದ 'ಪಡಿಯಚ್ಚು'. ಅಕ್ಕಸಾಲಿಗರಿಗೆ ಈ ಮಾತು ಹೊಸದಲ್ಲ.

ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೋಡೋಣ. ಮರದ ಜೋಡಿ ಹಲಗೆಗಳಲ್ಲಿ ಆನೆ, ಗಿಳಿ, ಗೋಪುರ, ತುಳಸಿಕಟ್ಟೆಗಳನ್ನು ತಗ್ಗಾಗಿ ಕೊರೆದಿರುತ್ತಾರೆ. ಅಚ್ಚುಗಳನ್ನು ನೀರಿನಲ್ಲಿ ನೆನೆಹಾಕಿ, ಜೋಡಿಸಿ ಕಟ್ಟಿ, ಹದಕ್ಕೆ ಬಂದ ಸಕ್ಕರೆ ಪಾಕವನ್ನು ಬಾಯಿಂದ ಹೊಯ್ಯುತ್ತಾರೆ. ನೀರು ಕುಡಿದ ಮರ ಪಾಕವನ್ನು ಅಂಟಿಸಿಕೊಳ್ಳುವುದಿಲ್ಲ. ಕೆಲವು ನಿಮಿಷಗಳಲ್ಲಿ ಅಚ್ಚು ಬಿಚ್ಚಿದರೆ ಆನೆ ಹೊರಬರುತ್ತದೆ. ಎರಡು ಭಾಗದ ಅಚ್ಚು, ಅಂಟದಂತೆ ಮಾಡುವ ಉಪಾಯ, ದ್ರವ ಗಟ್ಟಿಯಾಗುವ ಕಾಲದ ಲೆಕ್ಕ: ಇಂದಿನ ರೆಸಿನ್ ಎರಕದ ಮೂಲಸೂತ್ರಗಳೆಲ್ಲ ಈ ಅಡುಗೆಮನೆಯ ವಿದ್ಯೆಯಲ್ಲಿವೆ. ಒಂದೇ ಅಚ್ಚು ತಾಯಿಯಿಂದ ಮಗಳಿಗೆ ಬಂದಿರುತ್ತದೆ. ಅದರಿಂದ ಬಂದ ಆನೆಗಳು ಮಾತ್ರ ಎಳ್ಳುಬೆಲ್ಲದೊಂದಿಗೆ ಹಂಚಿಹೋಗಿ ಬಾಯಲ್ಲಿ ಕರಗುತ್ತವೆ.

ಗಾರುಡಿ ಗೊಂಬೆಯೂ ಇದೇ ಜಾತಿಯದು. ಬಿದಿರ ತಟ್ಟಿಯ ಮೈ, ಕಾಗದದ ರೊಟ್ಟಿನ ಮುಖ. ಗೊಂಬೆ ಹಗುರವಾಗಿರಬೇಕು, ಒಳಗೆ ಹೊಕ್ಕವನು ಅದನ್ನು ಹೊತ್ತು ಕುಣಿಯಬೇಕು. ಮಳೆಗೆ ನೆನೆದು, ಇಲಿಗೆ ಈಡಾಗಿ ಆ ಮುಖ ಹಾಳಾಗುತ್ತದೆ; ಮತ್ತೊಂದನ್ನು ಮಾಡುತ್ತಾರೆ. ಹಗುರತನವು ಜನಪದಕ್ಕೆ ಅಪರಿಚಿತ ಮೌಲ್ಯವಲ್ಲವೆಂಬುದಕ್ಕೆ ಇದು ಸಾಕ್ಷಿ.

ಇದಕ್ಕೆ ಎದುರಾದ ಇನ್ನೊಂದು ಎರಕವಿದೆ. ಉತ್ಸವಮೂರ್ತಿಯನ್ನು ಎರೆಯುವ ಮೇಣದ ಪದ್ಧತಿಯಲ್ಲಿ ಮೊದಲು ಮೇಣದಲ್ಲಿ ಮೂರ್ತಿಯನ್ನು ರೂಪಿಸಿ, ಅದರ ಮೇಲೆ ಮಣ್ಣಿನ ಲೇಪ ಕೊಟ್ಟು, ಕಾಯಿಸಿ ಮೇಣವನ್ನು ಹರಿಸಿ, ಆ ಪೊಳ್ಳಿಗೆ ಕರಗಿದ ಲೋಹವನ್ನು ಹೊಯ್ಯುತ್ತಾರೆ. ಲೋಹ ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆಯಲೇಬೇಕು. ಒಂದು ಅಚ್ಚಿಗೆ ಒಂದೇ ಮೂರ್ತಿ. ಮೂರ್ತಿ ಉಳಿಯುತ್ತದೆ, ಅಚ್ಚು ಅಳಿಯುತ್ತದೆ.

ಈ ನಿದರ್ಶನಗಳಿಂದ ಒಂದು ಕಟ್ಟಳೆಯನ್ನು ಊಹಿಸಲು ಸಾಧ್ಯ. ನಮ್ಮ ಆಚರಣೆಯ ವಸ್ತುಲೋಕದಲ್ಲಿ ಅಚ್ಚು ಉಳಿಯುವ ಕಡೆ ವಸ್ತು ಅಳಿಯುತ್ತದೆ. ವಸ್ತು ಉಳಿಯಬೇಕಾದ ಕಡೆ ಅಚ್ಚು ಅಳಿಯುತ್ತದೆ, ಇಲ್ಲವೆ ಅಚ್ಚೇ ಇರುವುದಿಲ್ಲ. ಸೋಮ ಈ ಕೊನೆಯ ವರ್ಗಕ್ಕೆ ಸೇರಿದ್ದು. ಅದನ್ನು ಕಡೆಯುತ್ತಾರೆ, ಎರೆಯುವುದಿಲ್ಲ. ಅಕ್ಕಸಾಲಿಗನ ಪಡಿಯಚ್ಚಿನಿಂದ ಬಂದ ಒಡವೆ ಉಳಿಯುತ್ತದಲ್ಲ ಎಂದು ಆಕ್ಷೇಪಿಸಬಹುದು. ಆದರೆ ಚಿನ್ನ ಮತ್ತೆ ಮೂಸೆಗೆ ಹೋಗುತ್ತದೆ. ಅಜ್ಜಿಯ ಅಡ್ಡಿಕೆ ಮೊಮ್ಮಗಳ ಬಳೆಯಾಗುತ್ತದೆ. ಕರಗುವ ಗುಣವೇ ಅಲ್ಲಿ ಅಳಿವಿನ ಸ್ಥಾನದಲ್ಲಿದೆ.

ಈ ಕಟ್ಟಳೆಗೆ ಈ ಸೀಮೆಯ ಬೆಳೆಯಲ್ಲೇ ಒಂದು ಹೋಲಿಕೆ ದೊರೆಯುತ್ತದೆ. ತಿಪಟೂರಿನ ಉಂಡೆ ಕೊಬ್ಬರಿಗಾಗಿ ಬಲಿತ ಕಾಯನ್ನು ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕುಗ್ಗಿ, ಚಿಪ್ಪನ್ನು ತಾನಾಗಿಯೇ ಬಿಡುತ್ತದೆ. ಕಾಯಿ ಅಲುಗಿಸಿದಾಗ ಒಳಗೆ ಗಿಟುಕು ಸದ್ದು ಮಾಡಿದರೆ ಹದ ಬಂತೆಂದು ಅರ್ಥ. ಚಿಪ್ಪು ಒಡೆದಾಗಲೇ ಕೊಬ್ಬರಿ ಕೈಗೆ ಬರುವುದು. ರೂಪ ಕೊಟ್ಟ ಕರಟವೇ ಒಡೆದುಹೋಗಿ ರೂಪ ಉಳಿಯುತ್ತದೆ. ಇದನ್ನು ಉಪಮೆಯಾಗಿ ಮಾತ್ರ ಹೇಳುತ್ತಿದ್ದೇನೆ, ಪ್ರಮಾಣವಾಗಿ ಅಲ್ಲ. ಆದರೆ ವರ್ಷವಿಡೀ ಈ ಕ್ರಿಯೆಯನ್ನು ಅಟ್ಟದ ಮೇಲೆ ಇಟ್ಟುಕೊಂಡು ಬದುಕುವ ಜನಕ್ಕೆ ಮೇಲಿನ ಕಟ್ಟಳೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

4. ಸಿಲಿಕೋನ್ ಅಚ್ಚಿನ ಸ್ವಭಾವ

ಹೊಸ ತಂತ್ರವನ್ನು ವಿಮರ್ಶಿಸುವ ಮೊದಲು ಅದನ್ನು ತಿಳಿಯುವುದು ಅಗತ್ಯ. ಸಿಲಿಕೋನ್ ರಬ್ಬರು ಎರಡು ದ್ರವಗಳ ರೂಪದಲ್ಲಿ ಬರುತ್ತದೆ. ಬೆರೆಸಿದಾಗ ಸಾಮಾನ್ಯ ಉಷ್ಣತೆಯಲ್ಲಿಯೇ ಗಟ್ಟಿಯಾಗುತ್ತದೆ. ಮೊದಲ ತೆಳು ಲೇಪ ಮೂಲದ ಸೂಕ್ಷ್ಮ ಗೆರೆಗಳನ್ನೆಲ್ಲ ಹಿಡಿಯುತ್ತದೆ. ಉಳಿಯ ಗುರುತು, ಬಣ್ಣದ ಬಿರುಕು, ಬೆರಳಚ್ಚು ಸಹ ಬಿಡುವುದಿಲ್ಲ. ಮೇಲೆ ದಪ್ಪ ಲೇಪಗಳು. ರಬ್ಬರು ಮೆತುವಾದ್ದರಿಂದ ಆಕಾರ ಕೆಡದಂತೆ ಹೊರಗೆ ಪ್ಲಾಸ್ಟರಿನ ಅಥವಾ ಫೈಬರಿನ ಗಟ್ಟಿ ಕವಚ ಬೇಕು. ಈ ಪ್ಲಾಸ್ಟರಿಗೆ ಬಲ ಕೊಡಲು ತೆಂಗಿನ ನಾರು ಸೇರಿಸುವ ರೂಢಿಯುಂಟು. ತೆಂಗಿನ ಸೀಮೆ ಈ ಉದ್ಯಮಕ್ಕೆ ಹೀಗೂ ಒದಗಬಲ್ಲದು. ಬಾಗುವ ಗುಣವಿರುವ ಕಾರಣ ಒಳಸರಿದ ಮೂಗಿನ ಹೊಳ್ಳೆ, ಹೊರಚಾಚಿದ ಕೋರೆಹಲ್ಲುಗಳಿಂದಲೂ ಅಚ್ಚನ್ನು ಹರಿಯದೆ ಬಿಡಿಸಬಹುದು. ಮರದ ಅಚ್ಚಿಗೆ, ಪ್ಲಾಸ್ಟರಿನ ಅಚ್ಚಿಗೆ ಇದು ಕಷ್ಟಸಾಧ್ಯ.

ಅಚ್ಚಿನ ಒಳಮೈಗೆ ರೆಸಿನ್ನಿನ ತೆಳು ಪದರ ಕೊಟ್ಟು, ಉಳಿದ ಪೊಳ್ಳಿಗೆ ಪಾಲಿಯುರಿಥೇನ್ ಫೋಮ್ ಹೊಯ್ಯುವುದು ಹಗುರ ಎರಕದ ಕ್ರಮ. ಎರಡು ದ್ರವಗಳು ಬೆರೆತು, ನೊರೆಯೆದ್ದು, ಮೂಲ ಗಾತ್ರದ ಹಲವು ಪಟ್ಟು ಉಬ್ಬಿ, ನಿಮಿಷಗಳಲ್ಲಿ ಗಟ್ಟಿಯಾಗುತ್ತವೆ. ಘನ ಮೀಟರಿಗೆ 100 ಕಿಲೋ ಸಾಂದ್ರತೆಯ ಫೋಮನ್ನು ಆರಿಸಿಕೊಂಡರೆ, ಅದೇ ಗಾತ್ರದ ರಕ್ತಚಂದನದ ತೂಕದಲ್ಲಿ ಸುಮಾರು ಹನ್ನೊಂದನೆಯ ಒಂದು ಭಾಗವಾಯಿತು. ರೆಸಿನ್ನಿನ ಪದರ ಸೇರಿದರೆ ತುಸು ಹೆಚ್ಚು. ಕೆಲಸಗಾರರ ಆರೋಗ್ಯದ ದೃಷ್ಟಿಯಿಂದ ಇದು ನಿರಪಾಯದ ಕಸುಬಲ್ಲ. ಫೋಮಿನ ಘಟಕವಾದ ಐಸೋಸಯನೇಟ್ ಉಸಿರಾಟಕ್ಕೆ ಹಾನಿಕರ. ಪಾಲಿಯೆಸ್ಟರ್ ರೆಸಿನ್ನಿನ ಆವಿಯೂ ಒಳ್ಳೆಯದಲ್ಲ. ಗಾಳಿಯಾಡದ ಮಳಿಗೆಯಲ್ಲಿ ಮುಖಗವಸಿಲ್ಲದೆ ಮಾಡುವ ಕೆಲಸ ಇದಲ್ಲ.

ನಮ್ಮ ವಾದಕ್ಕೆ ಮುಖ್ಯವಾದುದು ಬೇರೆ ಎರಡು ಗುಣಗಳು. ಒಂದು, ಸಿಲಿಕೋನ್ ಅಚ್ಚು ಒಂದಲ್ಲ, ಹತ್ತಾರು ಎರಕಗಳಿಗೆ ತಾಳುತ್ತದೆ. ಎರಡು, ಗಟ್ಟಿಯಾದ ಈ ರೆಸಿನ್ ಮತ್ತೆ ಕರಗುವುದಿಲ್ಲ. ಸಕ್ಕರೆ ಕರಗೀತು, ಲೋಹ ಕರಗೀತು, ಮಣ್ಣು ನೀರಿಗೆ ಸೇರೀತು, ಮರ ಗೆದ್ದಲಿಗಾದರೂ ಸಂದೀತು. ಇದು ಯಾವುದಕ್ಕೂ ಸಲ್ಲದು. ಹೀಗೆ ಮೇಲೆ ಹೇಳಿದ ಕಟ್ಟಳೆ ಮುರಿಯುತ್ತದೆ. ಅಚ್ಚೂ ಉಳಿಯುತ್ತದೆ, ವಸ್ತುವೂ ಉಳಿಯುತ್ತದೆ.

ಕಟ್ಟಳೆ ಮುರಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಕಣ್ಣೆದುರಿಗೆ ಉದಾಹರಣೆಯಿದೆ. ಗಣೇಶನ ಹಬ್ಬದ ಮಣ್ಣಿನ ಮೂರ್ತಿ ಕರಗುವುದಕ್ಕೆಂದೇ ಹುಟ್ಟಿದ್ದು. ಅಚ್ಚಿನಲ್ಲಿ ಎರೆದ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳು ಬಂದ ಮೇಲೆ ವಿಸರ್ಜನೆಯ ಮರುದಿನ ಕೆರೆಯಂಗಳದಲ್ಲಿ ಕೈಕಾಲು ಮುರಿದ ದೇವರುಗಳು ಬಿದ್ದಿರುವುದನ್ನು ಜನ ಕಂಡರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಮಾರ್ಗಸೂಚಿ ಹೊರಡಿಸಿ, 2020ರಲ್ಲಿ ಅದನ್ನು ಪರಿಷ್ಕರಿಸಿ ಇಂಥ ಮೂರ್ತಿಗಳನ್ನು ನಿಷೇಧಿಸುವ ನಿಲುವು ತಳೆಯಿತು. ಇದನ್ನು ನಾವು ಪರಿಸರದ ಸಮಸ್ಯೆಯೆಂದು ಮಾತ್ರ ಓದಿದ್ದೇವೆ. ಅದು ಆಚರಣೆಯ ವ್ಯಾಕರಣದ ಸಮಸ್ಯೆಯೂ ಹೌದು. ಕಳುಹಿಸಿಕೊಟ್ಟ ದೇವರು ಹೋಗದೆ ಉಳಿದರೆ ವಿಸರ್ಜನೆ ಎಂಬ ಕ್ರಿಯೆಯೇ ಸುಳ್ಳಾಗುತ್ತದೆ. ಮುಕ್ಕಾದ ದೇವರ ವಸ್ತುವನ್ನು ನೀರಿಗೆ ಬಿಡುವ ನಮ್ಮ ಪದ್ಧತಿಯಲ್ಲಿ, ಮುಕ್ಕಾದ ರೆಸಿನ್ ಸೋಮವನ್ನು ಏನು ಮಾಡುವುದು? ಈ ಪ್ರಶ್ನೆಗೆ ತಂತ್ರಜ್ಞಾನದಲ್ಲಿ ಉತ್ತರವಿಲ್ಲ.

5. ಭಾರದ ಅರ್ಥ

ಹಗುರವಾಗುವುದರಿಂದ ಏನು ನಷ್ಟ? ಈ ಸೀಮೆಯ ದೈವಾರಾಧನೆಯಲ್ಲಿ ತೂಕಕ್ಕೆ ಅರ್ಥವಿದೆ. ಅಡ್ಡೆಯ ಮೇಲೆ ದೇವರನ್ನು ಹೊತ್ತವರು, ದೇವರು ತನ್ನಿಚ್ಛೆಯಂತೆ ಭಾರವಾಗುತ್ತದೆ, ಎಳೆಯುತ್ತದೆ, ನಿಲ್ಲುತ್ತದೆ ಎಂದು ಹೇಳುವುದನ್ನು ಕ್ಷೇತ್ರಕಾರ್ಯ ಮಾಡಿದವರು ಕೇಳಿಯೇ ಇರುತ್ತಾರೆ. ತಿಪಟೂರು ತಾಲ್ಲೂಕಿನ ದಸರೀಘಟ್ಟದ ಚೌಡೇಶ್ವರಿಯು ಹೊತ್ತವರ ಮೂಲಕ ಬರೆದು ಉತ್ತರ ಕೊಡುತ್ತಾಳೆಂಬ ನಂಬಿಕೆ ನಾಡಿನಾದ್ಯಂತ ಭಕ್ತರನ್ನು ಅಲ್ಲಿಗೆ ಕರೆತರುತ್ತದೆ. ನಂಬಿಕೆಯ ಸತ್ಯಾಸತ್ಯತೆ ಇಲ್ಲಿ ಚರ್ಚೆಯ ವಿಷಯವಲ್ಲ. ದೈವದ ಇರವು ಹೊರುವವನ ಹೆಗಲಿಗೆ ತಿಳಿಯುವಂಥದ್ದು ಎಂಬುದು ಇಲ್ಲಿನ ಗ್ರಹಿಕೆ. ಸೋಮವನ್ನು ಹೊತ್ತವನ ನಡೆ, ತಲೆಯ ತಿರುವು, ಹೆಜ್ಜೆಯ ನಿಧಾನ ಇವೆಲ್ಲ ಆ ಮರದ ತೂಕದಿಂದ ಹುಟ್ಟಿದ ಚಲನೆಗಳು. ಮುಖ ಹಗುರವಾದರೆ ಕುಣಿತ ಚುರುಕಾಗುತ್ತದೆ, ನಿಜ. ಆ ಚುರುಕು ಬೇರೊಂದು ಕುಣಿತ.

ಇದೇ ಮಾತನ್ನು ಮೂಡಲಪಾಯ ಯಕ್ಷಗಾನದ ಕಿರೀಟ, ಭುಜಕೀರ್ತಿಗಳಿಗೆ ಹೇಳಲಾಗದು. ಮೂಡಲಪಾಯವನ್ನು ವಿದ್ವತ್ ಲೋಕದ ಗಮನಕ್ಕೆ ತಂದವರಲ್ಲಿ ಜೀ.ಶಂ. ಪರಮಶಿವಯ್ಯನವರು ಪ್ರಮುಖರು. ಅಲ್ಲಿನ ಮರದ ಆಭರಣಗಳೂ ಭಾರವೇ. ಆದರೆ ಅವು ಪಾತ್ರದ ಅಲಂಕಾರ, ದೇವರಲ್ಲ. ರಾತ್ರಿಯಿಡೀ ಕುಣಿಯುವ ನಟನಿಗೆ ಫೋಮಿನ ಭುಜಕೀರ್ತಿ ಕಟ್ಟಿದರೆ ಕಲೆಯ ಆಯಸ್ಸು ಹೆಚ್ಚೀತೇ ಹೊರತು ಕುಂದದು. ಹಳೆಯ ಕಿರೀಟವೊಂದರ ಅಚ್ಚು ತೆಗೆದು ಶಾಲೆಯ ಮಕ್ಕಳಿಗೆ ಹತ್ತು ಕಿರೀಟ ಮಾಡಿಕೊಟ್ಟರೆ ಕಲಿಕೆ ಹಬ್ಬೀತು. ಆದುದರಿಂದ 'ಜನಪದ ಪರಿಕರ' ಎಂಬ ಒಂದೇ ಚೀಲದಲ್ಲಿ ಎಲ್ಲವನ್ನೂ ತುಂಬಿ ಪರವೋ ವಿರೋಧವೋ ಹೇಳುವುದು ವಿಮರ್ಶೆಯಾಗಲಾರದು. ಪರಿಕರ ಯಾವ ವರ್ಗದ್ದು ಎಂಬುದನ್ನು ಮೊದಲು ಕೇಳಬೇಕು. ಆ ವರ್ಗೀಕರಣ ನಮ್ಮದಲ್ಲ, ಅದನ್ನು ಹೊರುವವರದು.

6. ಪ್ರಭಾವಳಿ ಮತ್ತು ಹಕ್ಕು

ಜರ್ಮನಿಯ ಚಿಂತಕ ವಾಲ್ಟರ್ ಬೆಂಜಮಿನ್ 1936ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಯಾಂತ್ರಿಕ ಪುನರುತ್ಪಾದನೆಯಿಂದ ಕಲಾಕೃತಿಯ ಪ್ರಭಾವಳಿ ಕುಂದುತ್ತದೆ, ಆರಾಧನಾ ಮೌಲ್ಯದ ಜಾಗಕ್ಕೆ ಪ್ರದರ್ಶನ ಮೌಲ್ಯ ಬರುತ್ತದೆ ಎಂದು ವಾದಿಸಿದ. ಕನ್ನಡದ ಸಂಸ್ಕೃತಿ ವಿಮರ್ಶೆಯಲ್ಲಿಯೂ ಈ ವಿಚಾರ ಪರಿಚಿತವೇ. ಆದರೆ ಸೋಮದ ಸಂದರ್ಭಕ್ಕೆ ಇದನ್ನು ನೇರವಾಗಿ ಅನ್ವಯಿಸಲಾಗದು. ಸೋಮದ ಪ್ರಭಾವ ಅದರ ಹಳಮೆಯಿಂದ ಬಂದುದಲ್ಲ. ಹುಳು ತಿಂದ ಸೋಮವನ್ನು ಬಿಟ್ಟು ಹೊಸದನ್ನು ಕಡೆದು, ಪೂಜೆ ಮಾಡಿ, ಅದೇ ಹೆಸರಿನಿಂದ ಕರೆಯಲು ಊರಿಗೆ ಅಡ್ಡಿಯಿಲ್ಲ. ಮೂಲ ಮತ್ತು ಪ್ರತಿ ಎಂಬ ಭೇದಕ್ಕಿಂತ, ಯಾರ ಅಪ್ಪಣೆಯಿಂದ, ಯಾರ ಕೈಯಿಂದ, ಯಾವ ಊರಿಗಾಗಿ ಎಂಬ ಭೇದ ಇಲ್ಲಿ ದೊಡ್ಡದು.

ಈ ಕಡೆಯಿಂದ ನೋಡಿದಾಗ ಸಿಲಿಕೋನ್ ಅಚ್ಚಿನ ನಿಜವಾದ ಅಪಾಯ ಪ್ರತಿಕೃತಿಯಲ್ಲಿಲ್ಲ, ಅಚ್ಚಿನ ಒಡೆತನದಲ್ಲಿದೆ. ಒಂದು ಸೋಮದ ಅಚ್ಚು ವೇಷಭೂಷಣ ಬಾಡಿಗೆಗೆ ಕೊಡುವವನ ಮಳಿಗೆ ಸೇರಿದರೆ ಆ ಊರಿನ ಮುಖ ಯಾವ ಊರಿನ ಮೆರವಣಿಗೆಯಲ್ಲಿಯಾದರೂ ಹೊರಡಬಹುದು. ಹೊರುವ ಹಕ್ಕು, ಬಣ್ಣ ಬಳಿಯುವ ಹಕ್ಕು, ಪೆಟ್ಟಿಗೆ ಕಾಯುವ ಹಕ್ಕು ಎಂದು ಮನೆತನಗಳ ನಡುವೆ ಹಂಚಿಕೊಂಡು ಬಂದ ವ್ಯವಸ್ಥೆಯಲ್ಲಿ ಅಚ್ಚಿನ ಹಕ್ಕು ಎಂಬುದೊಂದು ಇರಲಿಲ್ಲ. ಏಕೆಂದರೆ ಅಚ್ಚೇ ಇರಲಿಲ್ಲ. ಇನ್ನೊಂದು ನಷ್ಟವೂ ಇದೆ. ಊರೂರಿಗೆ ಬೇರೆಯಾಗಿರುವ ಮುಖಗಳ ಜಾಗದಲ್ಲಿ, ಅಚ್ಚು ಸಿಕ್ಕ ಒಂದೆರಡು ಮುಖಗಳೇ ಎಲ್ಲೆಡೆ ಕಾಣಿಸಿಕೊಳ್ಳತೊಡಗಿ, ನೋಡುವ ಕಣ್ಣಿಗೆ ಅವೇ 'ಸೋಮ' ಎಂದಾಗುತ್ತವೆ. ಮರದ ಸೋಮಕ್ಕೆ ಹಬ್ಬಕ್ಕೆ ಮುನ್ನ ಮತ್ತೆ ಬಣ್ಣ ಕೂಡುತ್ತದೆ, ಕಣ್ಣು ತುಸು ದೊಡ್ಡದಾಗುತ್ತದೆ, ಮೀಸೆ ಬದಲಾಗುತ್ತದೆ. ಅಚ್ಚು ಹಿಡಿಯುವುದು ಅದರ ಒಂದು ದಿನದ ಮುಖವನ್ನು ಮಾತ್ರ.

ಇದೇ ತಂತ್ರಕ್ಕೆ ಒಂದು ಸತ್ಪ್ರಯೋಜನವೂ ಇದೆಯೆಂಬುದನ್ನು ಮರೆಯಬಾರದು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಾಗಲಿ, ಎಚ್.ಎಲ್. ನಾಗೇಗೌಡರು 1979ರಲ್ಲಿ ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತು ರಾಮನಗರದ ಬಳಿ ಕಟ್ಟಿ ಬೆಳೆಸಿದ ಜಾನಪದ ಲೋಕವಾಗಲಿ ಇಲ್ಲದೆ ಹೋಗಿದ್ದರೆ ನಾವು ಎಷ್ಟೋ ವಸ್ತುಗಳನ್ನು ಕಣ್ಣಿಂದ ಕಾಣುತ್ತಿರಲಿಲ್ಲ. ಆದರೆ ಸಂಗ್ರಹಾಲಯದ ಸಾಮಾನ್ಯ ತರ್ಕ, ಮೂಲ ನಮಗಿರಲಿ ಎಂಬುದು. ಹೊಸ ತಂತ್ರ ಈ ತರ್ಕವನ್ನು ತಿರುಗಿಸಲು ಅವಕಾಶ ಕೊಟ್ಟಿದೆ. ಪ್ರತಿಕೃತಿ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರಲಿ, ಮೂಲ ಅಮ್ಮನ ಗುಡಿಯಲ್ಲಿ ಉಳಿಯಲಿ. ನೋಡುವುದಕ್ಕೆ ಪ್ರತಿ ಸಾಕು. ಹೊರುವುದಕ್ಕೆ ಮೂಲ ಬೇಕು.

ಇಲ್ಲಿಯೂ ಎಚ್ಚರ ಬೇಕು. ಸಿಲಿಕೋನಿನ ಎಣ್ಣೆಯಂಶ ಮರದೊಳಕ್ಕೆ ಇಳಿದು ಕಲೆ ಮಾಡಬಹುದು. ಎದ್ದುನಿಂತ ಹಳೆಯ ಬಣ್ಣದ ಹಕ್ಕಳೆ ಅಚ್ಚಿನೊಂದಿಗೆ ಕಿತ್ತುಬರಬಹುದು. ಆದ್ದರಿಂದ ಹಳೆಯ, ಬಣ್ಣವಿರುವ ಮರದ ಮೇಲೆ ನೇರವಾಗಿ ರಬ್ಬರು ಬಳಿಯುವ ಬದಲು, ಮುಟ್ಟದೆಯೇ ಅಳತೆ ಹಿಡಿಯುವ ಛಾಯಾಚಿತ್ರ ಆಧಾರಿತ ಮೂರು ಆಯಾಮದ ದಾಖಲೆಯನ್ನು ಮೊದಲು ಮಾಡಿಕೊಳ್ಳುವುದು ಲೇಸು. ಆ ದಾಖಲೆಯಿಂದ ಮಾದರಿಯೊಂದನ್ನು ತಯಾರಿಸಿ ಅದರ ಮೇಲೆ ಅಚ್ಚು ತೆಗೆಯಬಹುದು.

7. ಸಮಾರೋಪ

ಈ ಚರ್ಚೆಯಿಂದ ಹೊರಡುವ ನಿಲುವನ್ನು ಹೀಗೆ ಸಂಗ್ರಹಿಸಬಹುದು. ಅಚ್ಚು ಜನಪದಕ್ಕೆ ಹೊರಗಿನದಲ್ಲ, ಹಗುರತನವೂ ಹೊರಗಿನದಲ್ಲ. ಹೊಸದಾಗಿ ಬಂದುದು, ಅಚ್ಚೂ ವಸ್ತುವೂ ಎರಡೂ ಅಳಿಯದೆ ಉಳಿಯುವ ಸ್ಥಿತಿ. ಈ ಸ್ಥಿತಿಗೆ ಸಂಪ್ರದಾಯದಲ್ಲಿ ಸಿದ್ಧ ಕಟ್ಟಳೆಯಿಲ್ಲ; ಆದ್ದರಿಂದ ಕಟ್ಟಳೆಯನ್ನು ಮಾಡಬೇಕಾಗಿದೆ. ಸೋಮದ ಅಚ್ಚು ತೆಗೆಯಲು ಹಕ್ಕುದಾರ ಮನೆತನಗಳ ಮತ್ತು ಊರಿನ ಒಪ್ಪಿಗೆ ಬೇಕು. ಎಷ್ಟು ಪ್ರತಿಗಳೆಂಬುದು ಮೊದಲೇ ನಿಶ್ಚಯವಾಗಬೇಕು. ಪ್ರತಿಯ ಒಳಮೈಯಲ್ಲಿ ಅದು ಪ್ರತಿಯೆಂಬುದೂ, ಯಾವ ಊರಿನ ಸೋಮದ್ದೆಂಬುದೂ, ಎರೆದ ವರ್ಷವೂ ಅಳಿಸದಂತೆ ಬರೆದಿರಬೇಕು. ಕೆಲಸ ಮುಗಿದ ಮೇಲೆ ಅಚ್ಚು ಊರಿನ ವಶಕ್ಕೆ ಬರಬೇಕು. ಅದನ್ನು ಇಟ್ಟುಕೊಳ್ಳುವುದೋ, ಕತ್ತರಿಸಿ ಹಾಕುವುದೋ ಊರು ತೀರ್ಮಾನಿಸಲಿ.

ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಕ್ಷಣೆಗಾಗಿ ಯುನೆಸ್ಕೋ 2003ರಲ್ಲಿ ರೂಪಿಸಿದ, ಭಾರತವು 2005ರಲ್ಲಿ ಅನುಮೋದಿಸಿದ ಒಡಂಬಡಿಕೆಯು ಆಚರಣೆಯೊಂದಿಗೆ ಅದಕ್ಕೆ ಸೇರಿದ ಪರಿಕರಗಳನ್ನೂ ಪರಂಪರೆಯ ಭಾಗವೆಂದೇ ಎಣಿಸುತ್ತದೆ. ಆದರೆ ಕಾಗದದ ಮೇಲಿನ ಒಡಂಬಡಿಕೆಗಿಂತ ನಮ್ಮ ಅಕಾಡೆಮಿಗಳು, ವಿಶ್ವವಿದ್ಯಾನಿಲಯಗಳು ಊರಿನೊಡನೆ ಕುಳಿತು ಮಾಡಿಕೊಳ್ಳುವ ಒಂದು ಪುಟದ ಕರಾರು ಹೆಚ್ಚು ಕೆಲಸ ಮಾಡೀತು. ಕಡೆಯುವ ಕೈಗಳಿಗೆ ಕಾನೂನುಬದ್ಧವಾಗಿ ಮರ ಒದಗಿಸುವ ಕೆಲಸವೂ ಅದರೊಂದಿಗೆ ನಡೆಯಬೇಕು. ಮರ ಸಿಗದ ಊರಿಗೆ ರೆಸಿನ್ ಬೇಡವೆಂದು ಉಪದೇಶಿಸುವ ಅಧಿಕಾರ ಸಂಶೋಧಕರಿಗಿಲ್ಲ.

ಮುಂದಿನ ಕ್ಷೇತ್ರಕಾರ್ಯದಲ್ಲಿ ಹಾಡಿನ ಜೊತೆಗೆ ಸೋಮದ ತೂಕವನ್ನೂ ಬರೆದುಕೊಳ್ಳೋಣ. ಯಾರು ಕಡೆದರು, ಯಾವ ಮರ, ಎಷ್ಟು ಹಬ್ಬ ಕಂಡಿದೆ, ಯಾರ ಹೆಗಲಿನಿಂದ ಯಾರ ಹೆಗಲಿಗೆ ಬಂದಿದೆ ಎಂಬುದನ್ನು ಕೇಳೋಣ. ಇವು ಯಾವ ಅಚ್ಚಿಗೂ ಸಿಗದ ಸಂಗತಿಗಳು. ಇವನ್ನು ಬಲ್ಲ ಹಿರಿಯರು ಇನ್ನೂ ಊರುಗಳಲ್ಲಿದ್ದಾರೆ.